ಹೆಸರು ಎತ್ತಿ ಮೇಲೆ ಇಡುವುದು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಓಣಿಯವರು ಹೇಳುತ್ತಿದ್ದರು. ಸುಳ್ಳೇನಲ್ಲ. ಅಪ್ಪನ ಪ್ರಿಂಟಿಂಗ್ ಪ್ರೆಸ್ಸಿಗೆ ಬಂದು ಕೂತ ಮೇಲೆ ಅದು ಇನ್ನೂ ಹೆಚ್ಚಾಯಿತು. ಲಗ್ನಪತ್ರಿಕೆ ಮಾಡಿಸಲು ಒಂದು ಮನೆಯಿಂದ ಏಳು ಜನ ಬಂದರೆ ಏಳು ಜನರದೂ ಏಳು ಮಾತು. ಕಾಕಾನ ಹೆಸರು ಮೇಲೆ ಬರಬೇಕೋ ಸೋದರಮಾವನದು ಬರಬೇಕೋ ಎಂದು ನನ್ನ ಟೇಬಲ್ಲಿನ ಮುಂದೆಯೇ ಜಗಳ ತೆಗೆಯುತ್ತಿದ್ದರು. ಮನೆಯಲ್ಲಿ ತೀರ್ಮಾನ ಮಾಡಿಕೊಂಡು ಬನ್ನಿ ಎಂದು ಪೆನ್ನು ಕುಕ್ಕಿ ಕಳಿಸಿದ್ದೂ ಉಂಟು. ಹಾಗೆ ಮುಖ ಸಣ್ಣದು ಮಾಡಿಕೊಂಡು ಹೊರಗೆ ಹೋದವರನ್ನು ಮತ್ತೆ ಒಳಗೆ ಕರೆತರುತ್ತಿದ್ದವರು ನಮ್ಮ ಕಂಪೋಸಿಟರ್. ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ನಾನು ಹುಟ್ಟುವ ಮೊದಲೇ ಅವರು ಅಪ್ಪನ ಬಳಿ ಅಚ್ಚಿನ ಮೊಳೆ ಜೋಡಿಸಲು ಸೇರಿದ್ದರು. ಅಂಥವರನ್ನು ನಾನು ಹೇಗೆ ಮನೆಗೆ ಕಳಿಸಿದೆ ಎಂಬುದನ್ನು ಇಷ್ಟು ವರ್ಷ ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ಒಬ್ಬಳ ಮುಂದೆ ಮಾತ್ರ ಹೇಳಿದ್ದೇನೆ. ಅದೂ ಕೊನೆಗೆ ಬರುತ್ತದೆ.

ಪ್ರೆಸ್ಸು ಇದ್ದದ್ದು ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲ ಕಡೆಯಿಂದಲೂ ಜನ ನಮ್ಮಲ್ಲಿಗೇ ಬರುತ್ತಿದ್ದರು. ಕನ್ನಡ ಮರಾಠಿ ಎರಡನ್ನೂ ತಪ್ಪಿಲ್ಲದೆ ಅಚ್ಚು ಹಾಕುವವರು ಆಗ ಕಡಿಮೆ. ಹೆಣ್ಣು ಅಥಣಿ ಕಡೆಯವಳಾದರೆ ಗಂಡು ಬೋರಗಾಂವದವನಿರುತ್ತಿದ್ದ. ಪತ್ರಿಕೆಯ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ. ನಮ್ಮ ಕಡೆಯ ಲಗ್ನಪತ್ರಿಕೆ ಎಂದರೆ ಇಡೀ ಮನೆತನದ ಹಾಜರಿ ಪುಸ್ತಕ. ಅಜ್ಜ, ಕಾಕಂದಿರು, ಸೋದರಮಾವಂದಿರು, ಅಕ್ಕ-ಭಾವಂದಿರು, ಕಡೆಗೆ ಇನ್ನೂ ಹಲ್ಲು ಬಾರದ ಮೊಮ್ಮಕ್ಕಳು, ಎಲ್ಲರೂ ಅದರಲ್ಲಿ ನಿಂತು ಕರೆಯಬೇಕು. ತೀರಿಹೋದವರೂ ಕರೆಯಬೇಕು. ಅವರ ಹೆಸರು ಎಲ್ಲರಿಗಿಂತ ಮೇಲಿನ ಸಾಲಿನಲ್ಲಿ ಬರುತ್ತದೆ, ಹೆಸರಿನ ಮುಂದೆ 'ದಿ.' ಎಂಬ ಒಂದಕ್ಷರ, ಒಂದು ಚುಕ್ಕೆ. ಮರಾಠಿ ಮಗ್ಗುಲಿನಲ್ಲಾದರೆ 'ಕೈ.', ಎಂದರೆ ಕೈಲಾಸವಾಸಿ.

ಒಂದು ಮನೆಯವರು ಮುಂದಿನ ಮಗನದೋ ಮಗಳದೋ ಮದುವೆಗೆ ಮತ್ತೆ ಬಂದರೆ ಹಳೆಯ ಪತ್ರಿಕೆಯನ್ನೇ ತೆಗೆದು ತಿದ್ದುವುದು ನಮ್ಮ ಪ್ರೆಸ್ಸಿನ ರೂಢಿ. ಕಾಕಾ ಬಂದವರನ್ನು ಬೆಂಚಿನ ಮೇಲೆ ಕೂಡಿಸಿ, ನೀರು ಕೊಟ್ಟು, ಹಳೆಯ ಪತ್ರಿಕೆಯ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದರು. ಪ್ರತಿ ಹೆಸರಿಗೂ ಮನೆಯವರು ಹೂಂ ಎನ್ನಬೇಕು. ಯಾವುದಾದರೂ ಹೆಸರಿಗೆ ಹೂಂ ಬಾರದಿದ್ದರೆ ಕಾಕಾ ಏನನ್ನೂ ಕೇಳುತ್ತಿರಲಿಲ್ಲ. ಯಾವಾಗ ಹೋದರು, ಏನಾಗಿತ್ತು ಎಂಬ ಮಾತೇ ಇಲ್ಲ. ಸ್ವಲ್ಪ ಹೊತ್ತು ತಡೆದು, ಆ ಹೆಸರನ್ನು ಎತ್ತಿ ಮೇಲಿನ ಸಾಲಿನಲ್ಲಿಟ್ಟು, ಮುಂದಿನ ಹೆಸರನ್ನು ಮೊದಲಿನ ದನಿಯಲ್ಲೇ ಓದುತ್ತಿದ್ದರು. ಹೋದ ವರ್ಷ ಗಂಡನನ್ನು ಕಳೆದುಕೊಂಡು ಈ ವರ್ಷ ಮಗಳ ಪತ್ರಿಕೆ ಮಾಡಿಸಲು ಬಂದ ಹೆಂಗಸರು ಎಷ್ಟೋ ಜನ ಆ ಬೆಂಚಿನ ಮೇಲೆ ಕೂತು ಹೋಗಿದ್ದಾರೆ. ಅವರಿಗೆ ಅದನ್ನು ಬಾಯಿಬಿಟ್ಟು ಹೇಳುವ ಸಂಕಟ ಬರದಂತೆ ಕಾಕಾ ನೋಡಿಕೊಳ್ಳುತ್ತಿದ್ದರು.

ಆ ಮೌನ ಬದುಕಿರುವವರಿಗೂ ಬೀಳಬಹುದು ಎಂಬುದು ನನಗೆ ಗೊತ್ತಾದದ್ದು ನನ್ನ ತಮ್ಮನ ಮದುವೆಯಲ್ಲಿ. ಎಂಬತ್ತೊಂದನೆಯ ಇಸವಿಯಲ್ಲಿ ನನ್ನ ಗಂಡ ತೀರಿಕೊಂಡಿದ್ದ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ರಾಯಬಾಗದ ಗಂಡನ ಮನೆಯಿಂದ ಒಂದು ಟ್ರಂಕು ಹಿಡಿದುಕೊಂಡು ಚಿಕ್ಕೋಡಿಗೆ ತಿರುಗಿ ಬಂದು, ಪ್ರೆಸ್ಸಿನಲ್ಲಿ ಕಾಗದ ಮಡಚುತ್ತ ದಿನ ನೂಕುತ್ತಿದ್ದೆ. ಎರಡು ವರ್ಷಕ್ಕೆ ತಮ್ಮನ ಮದುವೆ ಗೊತ್ತಾಯಿತು. ಕಾಕಾ ಪತ್ರಿಕೆಯ ಮೊಳೆ ಜೋಡಿಸಿ, ಪ್ರೂಫ್ ತೆಗೆದು, ಎಲ್ಲರ ಮನೆಯ ಪತ್ರಿಕೆ ಓದುವಂತೆಯೇ ಅಪ್ಪನ ಮುಂದೆ ಓದಿದರು. ಅಪ್ಪ ಒಂದೊಂದು ಹೆಸರಿಗೂ ಹೂಂ ಎನ್ನುತ್ತಿದ್ದರು. 'ಅಕ್ಕ' ಎಂಬ ತಲೆಬರಹದ ಕೆಳಗೆ ಕಾಕಾ ನನ್ನ ಹೆಸರು ಓದಿದರು. ಅಪ್ಪ ಹೂಂ ಎನ್ನಲಿಲ್ಲ. ಕಾಕಾ ಇನ್ನೊಮ್ಮೆ ಓದಿದರು. ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು.

ಗಂಡ ಹೋದವಳ ಹೆಸರನ್ನು ಮದುವೆಯ ಕಾಗದದಲ್ಲಿ ಹಾಕುವುದು ನಮ್ಮಲ್ಲಿ ಇರಲಿಲ್ಲ. ಅಪ್ಪ ಕೆಟ್ಟವರೂ ಅಲ್ಲ. ಬೀಗರು ಏನೆಂದಾರು ಎಂಬ ಅಂಜಿಕೆ ಅಷ್ಟೆ. ನಾನು ಮೂಲೆಯಲ್ಲಿ ಕಾಗದ ಮಡಚುತ್ತ ಕೂತಿದ್ದೆ, ತಲೆ ಎತ್ತಲಿಲ್ಲ. ಕಾಕಾ ಚಿಮಟದಿಂದ ನನ್ನ ಹೆಸರಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು ಅವುಗಳ ಖಾನೆಗೆ ಹಾಕಿದರು. ಸೀಸದ ಮೊಳೆ ಮರದ ಖಾನೆಗೆ ಬೀಳುವ ಸಪ್ಪಳ ಬಹಳ ಸಣ್ಣದು. ಆದರೂ ನನ್ನ ಹೆಸರಿನಲ್ಲಿ ಎಷ್ಟು ಮೊಳೆಗಳಿದ್ದವು ಎಂಬುದು ನನಗೆ ಇವತ್ತಿಗೂ ಗೊತ್ತು.

ತಮ್ಮ ಮುಂದೆ ನೌಕರಿ ಹಿಡಿದು ಸಾಂಗ್ಲಿ ಕಡೆ ಹೋದ. ಅಪ್ಪನಿಗೆ ಕೂತು ಮಾಡುವ ಶಕ್ತಿ ಕಡಿಮೆಯಾಗುತ್ತ ಬಂದಂತೆ ಪ್ರೆಸ್ಸು ನನ್ನ ಕೈಗೆ ಬಂತು. ತೊಂಬತ್ತರ ಸುಮಾರಿಗೆ, ಅಪ್ಪ ಇನ್ನೂ ಇದ್ದಾಗಲೇ, ನಾವು ಮೊಳೆ ಬಿಟ್ಟು ಕಂಪ್ಯೂಟರ್ ತಂದೆವು. ಕಪ್ಪು ಪರದೆ, ಹಸಿರು ಅಕ್ಷರ, ಡಾಸ್ ಎಂಬ ಪದ್ಧತಿ. ಕನ್ನಡವೂ ಮರಾಠಿಯೂ ಮೂಡಲಿ ಎಂದು ಅದರ ಹೊಟ್ಟೆಯೊಳಗೆ ಬೇರೆ ಒಂದು ಬೋರ್ಡು ಕೂಡಿಸಿದ್ದರು. ಕಾಕಾನಿಗೆ ಆಗ ಐವತ್ತೆರಡು ವರ್ಷ. ಸೀಸದ ಮೊಳೆಗಳನ್ನೆಲ್ಲ ಚೀಲಕ್ಕೆ ತುಂಬಿ ತೂಕಕ್ಕೆ ಹಾಕಿದ ದಿನ ಅವರು ಊಟಕ್ಕೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಮಾತ್ರ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ಕೀಬೋರ್ಡಿನ ಮುಂದೆ ಕೂತರು. ಮೂರು ತಿಂಗಳಲ್ಲಿ ನನಗಿಂತ ಜೋರಾದರು. ಹೇಗೆ ಕಲಿತಿರಿ ಎಂದು ಕೇಳಿದರೆ, ಎಲ್ಲ ಅಕ್ಷರಕ್ಕೂ ಒಂದೊಂದು ಮನೆ ಇರುತ್ತದೆ, ಮೊದಲು ಮರದಲ್ಲಿತ್ತು, ಈಗ ಇಲ್ಲಿದೆ, ಬೆರಳಿಗೆ ಮನೆ ಗೊತ್ತಾದರೆ ಆಯಿತು ಎಂದರು.

ಇಂಗ್ಲಿಷ್ ಅಷ್ಟಾಗಿ ಬಾರದ ಕಾರಣ ಯಾವ ಕೆಲಸಕ್ಕೆ ಯಾವ ಕೀಲಿ ಒತ್ತಬೇಕೆಂದು ಕನ್ನಡದಲ್ಲಿ ಬರೆದು ಇಟ್ಟುಕೊಂಡಿದ್ದರು. ಕೆಟ್ಟುಹೋದ ಒಂದು ಪತ್ರಿಕೆಯ ಹಿಂಬದಿಯಲ್ಲಿ, ಮುದ್ದಾದ ದುಂಡು ಅಕ್ಷರದಲ್ಲಿ. ಅದನ್ನು ಮಷಿನ್ನಿನ ಮಗ್ಗುಲಿಗೆ ಅಂಟಿಸಿದ್ದರು. ಅದರ ಮೇಲೇ ಬೆರಳಿಟ್ಟು ಮೊದಮೊದಲು ಕೆಲಸ ಮಾಡುತ್ತಿದ್ದರು. ಆಮೇಲೆ ಅದರ ಕಡೆ ನೋಡುವ ಪ್ರಸಂಗವೇ ಅವರಿಗೆ ಬರಲಿಲ್ಲ. ಬೆಂಚು ಮಾತ್ರ ಅಲ್ಲೇ ಇತ್ತು. ಓದುವುದು, ಹೂಂ ಎನ್ನುವುದು, ತಡೆಯುವುದು, ಎಲ್ಲ ಮೊದಲಿನಂತೆ. ಎಂಟು ವರ್ಷದಲ್ಲಿ ಈ ನಾಲ್ಕೈದು ತಾಲ್ಲೂಕಿನ ನೂರಾರು ಮನೆಗಳ ಹೆಸರುಗಳು ಆ ಮಷಿನ್ನಿನೊಳಗೆ ಸೇರಿದವು. ನಡುವೆ ಒಂದು ದಿನ ಅಪ್ಪನ ಹೆಸರೂ ಮೇಲಿನ ಸಾಲಿಗೆ ಹೋಯಿತು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗುವ ಹೊತ್ತಿಗೆ, ಮಷಿನ್ನು ಎರಡು ಸಲ ಕೈಕೊಟ್ಟಿತು. ಬೆಳಗಾವಿಯಿಂದ ಡೀಲರನನ್ನು ಕರೆಸಿದೆ. ಅವನು ಬಿಚ್ಚಿ, ಧೂಳು ಊದಿ, ಹೇಗೋ ನಡೆಯುವಂತೆ ಮಾಡಿ, ಚಹಾ ಕುಡಿಯುತ್ತ ಹೇಳಿದ: "ಅಕ್ಕಾರ, ಇನ್ನ ಮುಂದ ಇದಕ್ಕ ಸಪೋರ್ಟ್ ಇಲ್ರಿ. ಡಾಸ್ ಮಾಡಿದವ್ರ ಕೈ ಬಿಟ್ಟಾರ. ಆ ಬೋರ್ಡ್ ಮಾಡಾವ್ರೂ ನಿಲ್ಲಿಸ್ಯಾರ. ಮುಂದಿನ ಸಲ ಕೆಟ್ರ ನಾ ಬಂದೂ ಉಪಯೋಗಿಲ್ರಿ." ಹೊಸ ವಿಂಡೋಸ್ ಮಷಿನ್ನು ತಗೊಳ್ಳಿ ಎಂದು ಬಣ್ಣದ ಹಾಳೆಯೊಂದನ್ನು ಟೇಬಲ್ಲಿನ ಮೇಲಿಟ್ಟು ಹೋದ. ಹಳೆಯ ಪತ್ರಿಕೆಗಳು ಹೊಸದರಲ್ಲಿ ಬರುತ್ತವೆಯೇ ಎಂದು ಕೇಳಿದ್ದಕ್ಕೆ, ಬರುವುದಿಲ್ಲ, ಅಕ್ಷರದ ಜಾಗದಲ್ಲಿ ಏನೇನೋ ಗೀಟು ಚುಕ್ಕೆ ಬರುತ್ತವೆ, ಎಲ್ಲ ಹೊಸದಾಗಿ ಹೊಡೆಯಬೇಕು ಎಂದ.

ನಾನು ಒಂದು ತಿಂಗಳು ಒದ್ದಾಡಿದೆ. ಮಷಿನ್ನು ಸಾಯುವ ತನಕ ಇದರಲ್ಲೇ ನಡೆಸಿದರೆ, ಮದುವೆಯ ಭರದಲ್ಲಿ ಒಂದು ದಿನ ಅದು ನಿಂತುಬಿಟ್ಟರೆ ಎಲ್ಲ ಮನೆಗಳ ಹೆಸರುಗಳೂ ಅದರೊಂದಿಗೇ ಹೋಗುತ್ತವೆ. ಇಂಥದೇ ಇನ್ನೊಂದು ಹಳೆಯ ಮಷಿನ್ನು ಎಲ್ಲಾದರೂ ಸಿಕ್ಕರೆ ಅದರ ಬಿಡಿಭಾಗ ಬಳಸಬಹುದು. ನಿಪ್ಪಾಣಿಯಲ್ಲಿ ಒಬ್ಬರ ಬಳಿ ಇದೆಯೆಂದು ಕೇಳಿ ಹೋಗಿ ನೋಡಿಯೂ ಬಂದೆ. ಅದು ನಮ್ಮದಕ್ಕಿಂತ ಹಾಳಾಗಿತ್ತು. ಕಡೆಗೆ ಕಾಕಾನನ್ನೇ ಕೇಳಿದೆ. ಅವರಿಗೆ ಒಬ್ಬಳೇ ಮಗಳು, ತಡವಾಗಿ ಹುಟ್ಟಿದವಳು, ಆಗ ಅವಳಿಗೆ ಗಂಡು ನೋಡುತ್ತಿದ್ದರು. "ಹುಡುಗಿ ಲಗ್ನದ ಪತ್ರಿಕಿ ನನ್ನ ಕೈಲೆ ಮಾಡಿ ಬಿಡತೀನಿ, ತಂಗಿ. ಅಲ್ಲೀತನಕ ಇದನ್ನ ನಡಸವಾ. ಮುಂದ ನೀ ಏನರ ಮಾಡು" ಎಂದರು.

ಇಷ್ಟು ವರ್ಷದಲ್ಲಿ ಅವರು ನನ್ನನ್ನು ಕೇಳಿದ್ದು ಅದೊಂದೇ. ಅದಕ್ಕೆ ನಾನು ಏನು ಹೇಳಿದೆ ಎಂಬುದು ನೆನಪಾದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಅವಳ ಮದುವೆ ಯಾವಾಗ ಕೂಡಿಬರುತ್ತದೋ ಏನೋ, ಒಂದು ಮದುವೆಗೋಸ್ಕರ ಮಷಿನ್ನು ಕಾಯುತ್ತ ಕೂಡುತ್ತದೆಯೇ ಕಾಕಾ ಎಂದುಬಿಟ್ಟೆ. ಅವರು ಹೌದು ಎನ್ನುವಂತೆ ತಲೆಯಾಡಿಸಿದರು. ಮುಂದಿನ ವಾರ ಹೊಸ ಮಷಿನ್ನು ಬಂತು. ಹಳೆಯದನ್ನು ಅದರ ಮಗ್ಗುಲಿಗೇ ಇಟ್ಟೆ. ಹೊಸದನ್ನು ನೀವೂ ಕಲಿಯಿರಿ, ಒಮ್ಮೆ ಕಲಿತವರಿಗೆ ಇದೇನು ದೊಡ್ಡದು ಎಂದು ಹುರುಪು ತುಂಬಿದೆ. ನನ್ನ ಮಾತನ್ನು ನಾನೇ ನಂಬಿದ್ದೆ.

ಹೊಸದರಲ್ಲಿ ಮೌಸ್ ಇತ್ತು. ಕಾಕಾ ಅದರ ಮೇಲೆ ಕೈ ಇಟ್ಟ ಮೊದಲ ದಿನವೇ ನಮಗಿಬ್ಬರಿಗೂ ಒಂದು ವಿಷಯ ಗೊತ್ತಾಯಿತು. ಅವರ ಬಲಗೈ ನಡುಗುತ್ತಿತ್ತು. ಎಷ್ಟು ದಿನದಿಂದಲೋ ಏನೋ. ಕೀಲಿಗಳ ಮೇಲೆ ಬೆರಳೂರಿದಾಗ ಅದು ಕಾಣುತ್ತಿರಲಿಲ್ಲ. ಮೌಸ್ ಹಿಡಿದರೆ ಪರದೆಯ ಮೇಲಿನ ಬಾಣ ಕಿಟಕಿ ಗಾಜಿಗೆ ಸಿಕ್ಕ ನೊಣದ ಹಾಗೆ ಒದ್ದಾಡುತ್ತಿತ್ತು. ಒಂದು ಹೆಸರಿನ ಮೇಲೆ ಇಡಬೇಕೆಂದರೆ ಪಕ್ಕದ ಹೆಸರಿಗೆ ಹೋಗುತ್ತಿತ್ತು. ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದು ನೋಡಿದರು. ಬೆಂಚಿನ ಮೇಲೆ ಕೂತ ಗಿರಾಕಿಗಳು ನೋಡುತ್ತಿದ್ದರು. ಕಾಕಾ ಎದ್ದು ತಮ್ಮ ಹಳೆಯ ಕುರ್ಚಿಗೆ ಹೋಗಿ ಕೂತರು. ಮತ್ತೆ ಅದನ್ನು ಮುಟ್ಟಲಿಲ್ಲ.

ಆಮೇಲೆ ನಾವು ಒಂದು ಕ್ರಮ ಮಾಡಿಕೊಂಡೆವು. ಅವರು ಹಳೆಯ ಪರದೆ ನೋಡಿ ಹೆಸರು ಓದುವುದು, ನಾನು ಹೊಸದರಲ್ಲಿ ಹೊಡೆಯುವುದು. ಹಾಗೆ ದಿನಕ್ಕೆ ಎರಡು ಮೂರು ಮನೆಗಳಾಗುತ್ತಿದ್ದವು. ಓದುವಾಗ ಅವರು ನಡುನಡುವೆ ನಿಲ್ಲಿಸಿ, ಈ ಮನುಷ್ಯ ಹೋದ ವರ್ಷ ತೀರಿಕೊಂಡ, ಈ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ ಎಂದು ಹೇಳುತ್ತಿದ್ದರು. ನನಗೆ ತಡೆಯಲು ಆಗುತ್ತಿರಲಿಲ್ಲ. ಹೊರಗೆ ಜನ ಕಾಯುತ್ತಿರುವಾಗ ಊರಿನವರ ಪುರಾಣ ಯಾರಿಗೆ ಬೇಕು ಎನಿಸುತ್ತಿತ್ತು. ನಿಧಾನವಾಗಿ ಅವರನ್ನು ಕರೆಯುವುದನ್ನೇ ಬಿಟ್ಟೆ. ಹಳೆಯ ಪತ್ರಿಕೆಯ ಪ್ರತಿಯನ್ನು ಮುಂದಿಟ್ಟುಕೊಂಡು ನಾನೇ ಹೊಡೆದು, ಪ್ರೂಫನ್ನು ಮನೆಯವರ ಕೈಗೆ ಕೊಟ್ಟು ನೋಡಿಕೊಳ್ಳಿ ಎನ್ನುತ್ತಿದ್ದೆ. ಬೆಂಚು, ನೀರು, ಹೂಂ, ಎಲ್ಲ ಅಲ್ಲಿಗೆ ನಿಂತಿತು. ಕೆಲಸ ಬೇಗ ಆಗುತ್ತಿತ್ತು ಎಂಬುದನ್ನು ಒಪ್ಪಬೇಕು. ಕಾಕಾನ ಮುಂದೆ ಕೆಲಸ ಕಡಿಮೆಯಾಗುತ್ತ ಬಂತು. ಆದರೂ ಅವರು ಹೊತ್ತಿಗೆ ಸರಿಯಾಗಿ ಬಂದು ಹಳೆಯ ಮಷಿನ್ನಿನ ಮುಂದೆ ಕೂತು ಏನೋ ಹೊಡೆಯುತ್ತಿದ್ದರು. ಏನು ಎಂದು ನಾನು ಕೇಳಲಿಲ್ಲ.

ಹೊಸ ಮಷಿನ್ನಿನ ದೊಡ್ಡ ಚಮತ್ಕಾರವೆಂದರೆ ಒಂದು ಸಾಲನ್ನು ನಕಲು ಮಾಡಿ ಹತ್ತು ಕಡೆ ಅಂಟಿಸಬಹುದಿತ್ತು. ಕಬ್ಬೂರಿನ ಒಂದು ಮನೆತನದ ಪತ್ರಿಕೆಯಲ್ಲಿ ಮೇಲಿನ ಸಾಲಿನ ಅಜ್ಜನ ಹೆಸರನ್ನೇ ನಕಲು ಮಾಡಿ, ಕೆಳಗೆ ಅಂಟಿಸಿ, ಹೆಸರು ಮಾತ್ರ ಅಳಿಸಿ ದೊಡ್ಡ ಮಗನ ಹೆಸರು ಹೊಡೆದೆ. ಅಡ್ಡಹೆಸರು ಒಂದೇ ಆದ್ದರಿಂದ ನಾಲ್ಕು ಕೀಲಿ ಉಳಿಯಿತು ಎಂಬ ಖುಷಿ. ಮುಂದಿದ್ದ 'ದಿ.' ಹಾಗೇ ಉಳಿಯಿತು. ಮನೆಯವರು ಪ್ರೂಫಿನಲ್ಲಿ ಮುಹೂರ್ತ ನೋಡಿದರು, ಊಟದ ಜಾಗ ನೋಡಿದರು, ದೇವರ ಹೆಸರು ಸರಿಯಾಗಿದೆಯೇ ನೋಡಿದರು. ಕಾಗದ ಅಚ್ಚಾಗಿ ಹಂಚಿಯೂ ಆಯಿತು.

ನಾಲ್ಕು ದಿನದ ಮೇಲೆ ಆ ದೊಡ್ಡ ಮಗ ತಾವೇ ಪ್ರೆಸ್ಸಿಗೆ ಬಂದರು. ದೊಡ್ಡ ಮಗ ಎಂದರೆ ಎಪ್ಪತ್ತರ ಹತ್ತಿರದವರು, ಧೋತರ, ತಲೆಗೆ ರುಮಾಲು. ಪತ್ರಿಕೆಯನ್ನು ಟೇಬಲ್ಲಿನ ಮೇಲಿಟ್ಟು ಬೆರಳು ತೋರಿಸಿ, "ನಾ ಇನ್ನೂ ಅದೀನಿ ನೋಡ್ರಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೋರಗಾಂವದ ಬೀಗರು ಪತ್ರಿಕೆ ಓದಿ, ಸಮಾಧಾನ ಹೇಳಿ ಮಾತಾಡಿಸಲೆಂದು ಬಂದು, ಅಂಗಳದಲ್ಲಿ ಚಹಾ ಕುಡಿಯುತ್ತ ಕೂತ ಇವರನ್ನು ಕಂಡು ಏನು ಹೇಳಬೇಕೋ ತಿಳಿಯದೆ ನಿಂತುಬಿಟ್ಟರಂತೆ. ಅದನ್ನು ಹೇಳುವಾಗ ಅವರಿಗೇ ಸ್ವಲ್ಪ ನಗು ಬಂತು. ಆದರೆ ಮನೆಯಲ್ಲಿ ಹೆಂಡತಿ ಎರಡು ದಿನದಿಂದ ಉಂಡಿಲ್ಲ, ಕನ್ನಡಿಯ ಮುಂದೆ ನಿಂತು ಕುಂಕುಮ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾಳೆ ಎಂದಾಗ ಆ ನಗು ಹೋಯಿತು. ಯಾರು ಮಾಡಿದ್ದು ಇದು ಎಂದು ಕೇಳಿದರು.

ಬೇರೆ ಯಾರಿಗೆ ಅಲ್ಲದಿದ್ದರೂ ನನಗೆ ಆ ಹೆಂಗಸಿನ ಕುಂಕುಮದ ಸಂಕಟ ಗೊತ್ತಾಗಬೇಕಿತ್ತು. ಗೊತ್ತಾಯಿತು ಕೂಡ. ಹಿಂದಿನಿಂದ ಕಾಕಾ ಎದ್ದು ಬಂದು ಕೈಜೋಡಿಸಿದರು. "ನಂದ ತಪ್ಪರಿ. ಕೈ ನಡಗತಾವು, ಎಲ್ಲೋ ಒತ್ತಿ ಎಲ್ಲೋ ಬಿಟ್ಟೀನಿ. ತಂಗೀದೇನೂ ಇಲ್ರಿ ಇದರಾಗ." ಜೋಡಿಸಿದ ಕೈಗಳು ಆ ಮನುಷ್ಯನ ಮುಂದೆ ನಡುಗುತ್ತಿದ್ದವು. ಆ ಹಿರಿಯರು ಅವನ್ನು ನೋಡಿ, ಇರಲಿ ಬಿಡ್ರಿ, ವಯಸ್ಸಾಯಿತು ಎಂದು ರುಮಾಲು ಸರಿಪಡಿಸಿಕೊಂಡು ಹೊರಟರು. ನಾನು ಹೊಸ ಪತ್ರಿಕೆ ಹಾಕಿಕೊಡುತ್ತೇನೆ ಎಂದೆ. ಅಲ್ಲ, ನನ್ನದು ಎಂಬ ಒಂದು ಮಾತು ಬರಲಿಲ್ಲ. ಅವತ್ತು ಇಡೀ ದಿನ ಬರಲಿಲ್ಲ.

ಮರುದಿನ ಕಾಕಾ ಬಂದು ಶಟರಿನ ಕೀಲಿಕೈಯನ್ನು ಟೇಬಲ್ಲಿನ ಮೇಲಿಟ್ಟರು. ಇಷ್ಟು ಮಾತು ಆದ ಮೇಲೆ ಗಿರಾಕಿಗಳು ಅಂಜುತ್ತಾರೆ, ನಿನ್ನ ಹೊಟ್ಟೆಪಾಡು ಇದು, ನಾನು ಇಲ್ಲಿ ಕೂಡುವುದು ಚಂದವಲ್ಲ ಎಂಬರ್ಥದ ಮಾತಾಡಿದರು. ಬ್ಯಾಡ ಕಾಕಾ ಎಂದು ಬಾಯಿಮಾತಿಗೆ ಅಂದೆ. ಎರಡನೆಯ ಸಲ ಅನ್ನಲಿಲ್ಲ. ನಿಜ ಹೇಳಿಬಿಡುತ್ತೇನೆ, ಅವರು ಮೆಟ್ಟಿಲಿಳಿದು ಹೋದಾಗ ನನಗೆ ಒಂದು ಗಳಿಗೆ ಹಗುರವೆನಿಸಿತು. ಹಳೆಯದನ್ನು ಬಿಡಬೇಕೋ ಬೇಡವೋ ಎಂಬ ತಲೆಬಿಸಿ ತಾನಾಗಿಯೇ ಮುಗಿಯಿತಲ್ಲ ಎನಿಸಿತು. ಆ ಹಗುರ ಸಂಜೆಯ ತನಕವೂ ಉಳಿಯಲಿಲ್ಲ. ಹಳೆಯ ಮಷಿನ್ನಿಗೆ ಒಂದು ಬಟ್ಟೆ ಹೊದಿಸಿ ಹಿಂದಿನ ಕೋಣೆಗೆ ಸಾಗಿಸಿದೆ.

ಯುಗಾದಿಗೆ ಒಮ್ಮೆ, ನಾಗರಪಂಚಮಿಗೆ ಒಮ್ಮೆ ಅವರ ಮನೆಗೆ ಹೋಗಿ ಬಂದೆ. ಎರಡನೆಯ ಸಲ ಹೋದಾಗ ಹಾಸಿಗೆ ಹಿಡಿದಿದ್ದರು. ಹಳೆಯ ಮಷಿನ್ನು ಇನ್ನೂ ಇದೆಯೇ ಎಂದು ಕೇಳಿದರು. ಹಿಂದಿನ ವಾರವಷ್ಟೇ ಅದನ್ನು ಗುಜರಿಯವನಿಗೆ ತೋರಿಸಿದ್ದೆ. ಇದೆ ಎಂದೆ. "ಇನ್ನೊಂದೀಟು ದಿನ ಇಡವಾ" ಎಂದರು. ಮುದುಕರಿಗೆ ಹಳೆಯ ವಸ್ತುವಿನ ಮೇಲೆ ಮೋಹ ಎಂದುಕೊಂಡು, ಗುಜರಿಯವನಿಗೆ ಬೇಡವೆಂದು ಹೇಳಿ ಕಳಿಸಿದೆ. ಕಬ್ಬೂರಿನವರ ಮಾತನ್ನು ತೆಗೆಯಬೇಕೆಂದೇ ಅವತ್ತು ಹೋಗಿದ್ದೆ. ಅವರ ಹೆಂಡತಿ ಚಹಾ ತಂದರು, ಮಗಳು ಬಂದು ಕೂತಳು, ಮಾತು ಹಾಗೇ ಉಳಿಯಿತು. ದೀಪಾವಳಿಗೆ ಇನ್ನೂ ಹದಿನೈದು ದಿನ ಇರುವಾಗ ಕಾಕಾ ತೀರಿಕೊಂಡರು.

ಮಗಳ ಮದುವೆ ಕಾಗವಾಡದ ಹುಡುಗನೊಂದಿಗೆ ಗೊತ್ತಾಯಿತು. ವರ್ಷದೊಳಗೆ ಮಾಡಿ ಮುಗಿಸಬೇಕು ಎಂದು ಹಿರಿಯರು ಅವಸರ ಮಾಡಿದ್ದರು. ಒಂದು ಮಧ್ಯಾಹ್ನ ಅವಳೊಬ್ಬಳೇ ಪ್ರೆಸ್ಸಿಗೆ ಬಂದಳು. ನಾನು ಹೊಸ ಮಷಿನ್ನಿನ ಮುಂದೆ ಕೂತೆ. ಅವಳು ಅದರ ಕಡೆ ನೋಡಲಿಲ್ಲ. ತನ್ನ ಪತ್ರಿಕೆಯನ್ನು ಅಪ್ಪ ಮಾಡಿಟ್ಟಿದ್ದಾರೆ, ಹಳೆಯ ಮಷಿನ್ನಿನಲ್ಲಿದೆ, ಗಂಡಿನ ಹೆಸರಿಗೂ ತಾರೀಖಿಗೂ ಜಾಗ ಬಿಟ್ಟಿದ್ದಾರಂತೆ ಎಂದಳು. ಕೆಲಸವಿಲ್ಲದ ಆ ದಿನಗಳಲ್ಲಿ ಅವರು ಹೊಡೆಯುತ್ತಿದ್ದುದು ಏನು ಎಂಬುದು ನನಗೆ ಆಗ ತಿಳಿಯಿತು.

ಹಿಂದಿನ ಕೋಣೆಗೆ ಹೋಗಿ ಬಟ್ಟೆ ತೆಗೆದೆವು. ಮಷಿನ್ನು ಹತ್ತಿಕೊಳ್ಳುತ್ತದೆಂಬ ನಂಬಿಕೆ ನನಗಿರಲಿಲ್ಲ. ಗರಗರ ಸದ್ದು ಮಾಡಿತು, ಬಹಳ ಹೊತ್ತು ಕಪ್ಪಗೇ ಇತ್ತು. ಕಾಯುತ್ತಿರುವಾಗ ಅವಳು ಅಪ್ಪನ ಮಾತು ತೆಗೆದಳು. ಬದುಕಿದ್ದವರಿಗೆ 'ದಿ.' ಹಚ್ಚಿದ ಮನುಷ್ಯ ಎಂದು ಓಣಿಯಲ್ಲಿ ಆಡಿಕೊಂಡರು, ಅದೇ ಕೊರಗಿನಲ್ಲಿ ಅಪ್ಪ ಹೊರಗೆ ಹೋಗುವುದನ್ನೇ ಬಿಟ್ಟಿದ್ದರು ಎಂದಳು. ಮನೆಯಲ್ಲೂ ಅವರು ನಿಜ ಹೇಳಿರಲಿಲ್ಲ. ಸ್ಟೂಲಿನ ಮೇಲೆ ಕೂತು, "ಅದು ನನ್ನ ತಪ್ಪವಾ. ನಾನ ಹೊಡದಿದ್ದೆ. ನಿಮ್ಮಪ್ಪ ತಮ್ಮ ಮ್ಯಾಲೆ ಹಾಕ್ಕೊಂಡ್ರು, ನಾ ಸುಮ್ನ ನಿಂತಿದ್ದೆ" ಎಂದೆ. ಅವಳು ನನ್ನನ್ನು ನೋಡಲಿಲ್ಲ. ಪರದೆಯನ್ನೇ ನೋಡುತ್ತಿದ್ದಳು. ಅಳುವುದಕ್ಕೂ ನನಗೆ ಮುಖವಿರಲಿಲ್ಲ.

ಹಸಿರು ಅಕ್ಷರ ಮೂಡಿದವು. ಒಳಗಿನ ಬ್ಯಾಟರಿ ಸತ್ತಿದ್ದರಿಂದ ಮಷಿನ್ನಿಗೆ ಕಾಲದ ಅರಿವು ತಪ್ಪಿತ್ತು. ಎಂಬತ್ತನೆಯ ಇಸವಿ, ಜನವರಿ ಒಂದು ಎಂದು ತೋರಿಸಿ, ಸರಿಯೇ ಎಂದು ಕೇಳುತ್ತಿತ್ತು. ಆ ತಾರೀಖಿಗೆ ನನ್ನ ಗಂಡ ಬದುಕಿದ್ದ, ಅಪ್ಪ ಇದ್ದರು, ಕಾಕಾನ ಕೈ ನಡುಗುತ್ತಿರಲಿಲ್ಲ, ಇವಳು ಮೂರು ವರ್ಷದ ಕೂಸು. ತಾರೀಖು ತಿದ್ದಲು ಮನಸ್ಸು ಬರಲಿಲ್ಲ. ಹಾಗೇ ಮುಂದೆ ಹೋದೆ. ಪತ್ರಿಕೆ ಸಿಕ್ಕಿತು.

ಆ ಕೋಣೆಯಲ್ಲಿ ಬೆಂಚಿರಲಿಲ್ಲ, ಅವಳಿಗೆ ಕುರ್ಚಿ ಎಳೆದುಕೊಟ್ಟೆ. ನೀರು ತಂದುಕೊಟ್ಟೆ. ಕಾಕಾ ಓದುತ್ತಿದ್ದಂತೆ ಗಟ್ಟಿಯಾಗಿ ಓದತೊಡಗಿದೆ. ಮೇಲಿನ ಸಾಲಿನಲ್ಲಿ ಅವಳ ಅಜ್ಜ, ಅಜ್ಜಿ. ಹೂಂ, ಹೂಂ ಎಂದಳು. ಅದರ ಕೆಳಗೆ ಕರೆಯುವವರ ಜಾಗದಲ್ಲಿ ಕಾಕಾನ ಹೆಸರು. ಓದಿದೆ. ಹೂಂ ಬರಲಿಲ್ಲ. ನಾನು ಏನೂ ಕೇಳಲಿಲ್ಲ.

ಹೆಸರನ್ನು ಎತ್ತಿ ಮೇಲೆ ಇಡಬೇಕು. ಅದಕ್ಕೆ ಯಾವ ಕೀಲಿ ಎಂಬುದು ನನಗೆ ಮರೆತೇಹೋಗಿತ್ತು. ಮೌಸ್ ಹಿಡಿದು ಎರಡು ವರ್ಷವಾಗುತ್ತ ಬಂದಿತ್ತು. ಮಷಿನ್ನಿನ ಮಗ್ಗುಲಲ್ಲಿ ಆ ಹಳೆಯ ಕಾಗದ ಇನ್ನೂ ಅಂಟಿಕೊಂಡಿತ್ತು. ದುಂಡು ಅಕ್ಷರದಲ್ಲಿ 'ಹೆಸರು ಎತ್ತಿ ಮ್ಯಾಲೆ ಇಡೂದು' ಎಂದು ಬರೆದು, ಕೆಳಗೆ ಒಂದೊಂದಾಗಿ ಕ್ರಮ ಕೊಟ್ಟಿದ್ದರು. ಹೆಸರಿನ ಮೊದಲಿಗೆ ಕಂಟ್ರೋಲ್ ಹಿಡಿದು ಕೆ, ಬಿ. ಹೆಸರಿನ ಕೊನೆಗೆ ಕೆ, ಕೆ. ಇಡುವ ಜಾಗಕ್ಕೆ ಹೋಗಿ ಕೆ, ವಿ. 'ಅವಸರ ಮಾಡಬಾರದು' ಎಂದೂ ಬರೆದಿದ್ದರು. ಅವರು ಬರೆದಂತೆ, ಅವರು ಬರೆದ ಕೀಲಿಗಳನ್ನೇ ಒತ್ತಿ, ಅವರ ಹೆಸರನ್ನು ನಾನು ಎತ್ತಿ ಮೇಲೆ ಇಟ್ಟೆ. ಮುಂದೆ 'ದಿ.' ಹೊಡೆದೆ. ಈ ಸಲ ಎರಡು ಸಲ ನೋಡಿಕೊಂಡೆ.

ಮುಂದಕ್ಕೆ ಓದಿದೆ. ತಾಯಿ, ಹೂಂ. ಸೋದರಮಾವ, ಹೂಂ. ಅದರ ಕೆಳಗೆ 'ಅಕ್ಕ' ಎಂಬ ತಲೆಬರಹ. ಅವಳಿಗೆ ಅಕ್ಕ ಇಲ್ಲ, ಅವಳೊಬ್ಬಳೇ ಮಗಳು. ತಲೆಬರಹದ ಕೆಳಗೆ ಇದ್ದದ್ದು ನನ್ನ ಹೆಸರು. ಹಿಂದೆ ಅಪ್ಪನ ಎದುರಿಗೆ ಒಂದೊಂದು ಮೊಳೆಯಾಗಿ ಕಿತ್ತು ಖಾನೆಗೆ ಹಾಕಿದ ಅವೇ ಅಕ್ಷರಗಳನ್ನು ಕಾಕಾ ಇಲ್ಲಿ ಮತ್ತೆ ಜೋಡಿಸಿದ್ದರು. ಕಬ್ಬೂರಿನವರು ಬಂದುಹೋದ ಮೇಲೆ ಅವರು ಈ ಮಷಿನ್ನಿನ ಮುಂದೆ ಕೂತಿರಲಿಲ್ಲ. ಇದನ್ನು ಹೊಡೆದದ್ದು ಅದಕ್ಕೂ ಮೊದಲು, ಒಂದು ಮದುವೆಗೋಸ್ಕರ ಮಷಿನ್ನು ಕಾಯುತ್ತದೆಯೇ ಎಂದು ನಾನು ಅಂದ ಮೇಲೆ.

ನನ್ನ ಹೆಸರನ್ನು ನಾನೇ ಓದಿದೆ. ಅವಳು ಸುಮ್ಮನಿದ್ದಳು. ಆ ಮೌನ ನನಗೆ ಹೊಸದಲ್ಲ, ಅದರ ಅರ್ಥವೂ ಗೊತ್ತಿತ್ತು. ಈ ಸಲ ಅದು ನ್ಯಾಯವೂ ಆಗಿತ್ತು. ಅಳಿಸುವ ಕೀಲಿ ಯಾವುದೆಂದು ಕಾಕಾನ ಕಾಗದದಲ್ಲಿ ಹುಡುಕತೊಡಗಿದೆ. ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ.

"ಹೂಂ" ಎಂದಳು ಅವಳು. ಸ್ವಲ್ಪ ತಡೆದು, "ಮುಂದ ಓದ್ರಿ, ಅಕ್ಕಾ" ಎಂದಳು.

ಮುಂದೆ ಹೆಸರುಗಳಿರಲಿಲ್ಲ. ಕಾಕಾ ಹೊಡೆದದ್ದು ಅಲ್ಲಿಗೇ ಮುಗಿದಿತ್ತು.